ಜೀವನಾಂಶಕ್ಕೆ ಅರ್ಜಿ ಹಾಕೋದು ಹೇಗೆ? ಡಿವೋರ್ಸ್ ಆಗ್ಲಿ ಅಂತ ಕಾಯ್ಬೇಡಿ

ಗಂಡನ ಮನೆ ಬಿಟ್ಟು ತವರಿಗೆ ಬಂದು ವರ್ಷ ಆಗಿರುತ್ತೆ, ಮಗು ಸ್ಕೂಲ್ ಫೀಸು ತಾತನೇ ಕಟ್ತಿರ್ತಾರೆ, ಆದ್ರೂ ಡಿವೋರ್ಸ್ ಮುಗೀಲಿ ಆಮೇಲೆ ಕೇಳೋಣ ಅಂತ ಕೂತಿರೋ ಹೆಣ್ಮಕ್ಳು ತುಂಬಾ ಜನ. ದಯವಿಟ್ಟು ಹಾಗೆ ಕೂರ್ಬೇಡಿ. ಜೀವನಾಂಶ ಕೇಳೋಕೆ ಡಿವೋರ್ಸ್ ಆಗಿರ್ಬೇಕು ಅಂತೇನಿಲ್ಲ, ಡಿವೋರ್ಸ್ ಕೇಸೇ ಹಾಕಿಲ್ದಿದ್ರೂ ಕೇಳ್ಬಹುದು. 2020ರ ನವೆಂಬರ್‌ನಲ್ಲಿ ರಜನೀಶ್ ವರ್ಸಸ್ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಅರ್ಜಿ ಹಾಕಿದ ತಾರೀಖಿನಿಂದ ಜೀವನಾಂಶ ಲೆಕ್ಕ ಹಾಕ್ಬೇಕು ಅಂತ. ಅಂದ್ರೆ ಆರ್ಡರ್ ಬರೋದು ಎರಡು ವರ್ಷ ತಡ ಆದ್ರೂ ಆ ಎರಡು ವರ್ಷದ್ದು ಬಾಕಿ ಅಂತ ಕೇಳ್ಬಹುದು, ಅರ್ಜಿನೇ ಹಾಕದೆ ಸುಮ್ನಿದ್ದ ತಿಂಗಳುಗಳದ್ದು ಮಾತ್ರ ಹೋದಂಗೇನೆ.

ಮೊದ್ಲು ಸೆಕ್ಷನ್ ವಿಷಯ. ಜೀವನಾಂಶದ ಸೆಕ್ಷನ್ನನ್ನ ಎಲ್ರೂ ಈಗ್ಲೂ ಒನ್ ಟ್ವೆಂಟಿ ಫೈವ್ (125) ಅಂತಾನೇ ಅನ್ನೋದು, ಆದ್ರೆ 2024ರ ಜುಲೈ 1ರಿಂದ ಸಿಆರ್‌ಪಿಸಿ ಅನ್ನೋ ಹಳೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ, ಅದ್ರಲ್ಲಿ ಇದು ಸೆಕ್ಷನ್ 144. ಯಾವ ಧರ್ಮದವರಾದ್ರೂ ಹಾಕ್ಬಹುದು, ತಲಾಖ್ ಆಗಿರೋ ಮುಸ್ಲಿಂ ಹೆಣ್ಮಕ್ಳಿಗೂ ಈ ಹಕ್ಕಿದೆ ಅಂತ ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದ್ಸಲ ಹೇಳಿದೆ. ಹೊಡೆತ ಬಡಿತ, ಮನೆಯಿಂದ ಆಚೆ ಹಾಕೋದು ಇದ್ರೆ 2005ರ ಡಿವಿ (ಕೌಟುಂಬಿಕ ದೌರ್ಜನ್ಯ ತಡೆ) ಕಾಯ್ದೆಯಲ್ಲೂ ಹಣ ಮತ್ತೆ ಇರೋಕೆ ಮನೆ ಎರಡೂ ಕೇಳ್ಬಹುದು, ಅದಕ್ಕೆ ನಿಮ್ಮ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ. ಎರಡು ಕಡೆ ಹಾಕಿದ್ರೆ ಎರಡು ಕಡೆನೂ ಅದನ್ನ ಹೇಳ್ಬೇಕು, ಮುಚ್ಚಿಟ್ರೆ ನಿಮ್ಮ ಮೇಲಿನ ನಂಬಿಕೆನೇ ಹೋಗುತ್ತೆ.

ಎಲ್ಲಿ ಹಾಕೋದು? ಗಂಡ ಇರೋ ಊರಿಗೇ ಓಡಾಡ್ಬೇಕು ಅನ್ನೋ ಭಯ ಬೇಡ, ನೀವೀಗ ಎಲ್ಲಿ ವಾಸ ಇದೀರೋ ಅಲ್ಲೇ ಹಾಕ್ಬಹುದು. ಫ್ಯಾಮಿಲಿ ಕೋರ್ಟ್ ವ್ಯಾಪ್ತಿ ಇದ್ರೆ ಅಲ್ಲಿ, ಇಲ್ದಿದ್ರೆ ತಾಲ್ಲೂಕಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಲ್ಲಿ. ಬೆಂಗಳೂರಲ್ಲಾದ್ರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡ.

ಲಾಯರ್ ಫೀಸಿಗೆ ದುಡ್ಡಿಲ್ಲ ಅಂತ ನಿಲ್ಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ, ಇದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇರೋ ಹಕ್ಕು, ಯಾರ ದಾಕ್ಷಿಣ್ಯನೂ ಅಲ್ಲ. ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಆಧಾರ್ ಹಿಡ್ಕೊಂಡು ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಈಗ ಕೇಸಿನ ಜೀವ ಇರೋ ಜಾಗಕ್ಕೆ ಬರೋಣ, ಅದು ಆಸ್ತಿ ಮತ್ತು ಸಾಲದ ಅಫಿಡವಿಟ್. ಗಂಡ ಹೆಂಡ್ತಿ ಇಬ್ರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲಾ ಪ್ರಮಾಣ ಮಾಡಿ ಬರ್ಕೊಡ್ಬೇಕು ಅಂತ ಅದೇ 2020ರ ತೀರ್ಪಲ್ಲಿ ನಮೂನೆ ಸಮೇತ ಕೊಟ್ಟಿದಾರೆ, ವ್ಯವಸಾಯದ ಮನೆಯವರಿಗೆ ಬೇರೆ ನಮೂನೆನೇ ಇದೆ. ತುಂಬಾ ಜನ ಇದನ್ನ ಲಾಯರ್ ಆಫೀಸಲ್ಲಿ ಕೂತು ಹತ್ತು ನಿಮಿಷದಲ್ಲಿ ತುಂಬಿಸಿಬಿಡ್ತಾರೆ. "ಮನೆ ಖರ್ಚು ತಿಂಗಳಿಗೆ 15,000" ಅಂತ ಒಂದೇ ಸಾಲು ಬರೆದ್ರೆ ಎದುರಿನ ಲಾಯರ್ ಅದನ್ನ ಒಂದೇ ಪ್ರಶ್ನೆಯಲ್ಲಿ ಬೀಳಿಸ್ತಾರೆ. ಮನೇಲಿ ಒಂದು ನೋಟ್‌ಬುಕ್ ತಗೊಂಡು ಒಂದು ತಿಂಗಳು ಪೂರ್ತಿ ಬರೀರಿ, ಹಾಲು, ಗ್ಯಾಸ್, ಬಾಡಿಗೆ, ಸ್ಕೂಲ್ ವ್ಯಾನ್, ಟ್ಯೂಷನ್, ಮಗುಗೆ ಕೆಮ್ಮು ಬಂದಾಗ ತಂದ ಸಿರಪ್ಪಿನ ಬಿಲ್ಲು, ಯೂನಿಫಾರ್ಮ್, ಶೂ. ಫೋನ್‌ಪೇ ಹಿಸ್ಟರಿ ತೆಗೆದು ತಾಳೆ ನೋಡಿ. ವರ್ಷಕ್ಕೊಂದ್ಸಲ ಬರೋ ಫೀಸನ್ನ 12ರಿಂದ ಭಾಗಿಸಿ ಸೇರ್ಸಿ. ಇದ್ದಿದ್ದಷ್ಟೇ ಬರೀರಿ, ಒಂದು ಸುಳ್ಳು ಸಿಕ್ಕಿಬಿದ್ರೆ ನಿಜದ ಹತ್ತು ಲೆಕ್ಕಾನೂ ಅನುಮಾನಕ್ಕೆ ಬರುತ್ತೆ.

ಗಂಡನ ಆದಾಯದ ಸಾಕ್ಷಿನೂ ಕೈಲಾದಷ್ಟು ಕೂಡಿಡಿ. ಹಳೇ ಸ್ಯಾಲರಿ ಸ್ಲಿಪ್, ಲೋನ್ ಅರ್ಜಿ, ಕಾರಿನ ಆರ್‌ಸಿ ಏನಿದ್ರೂ ಸರಿ. "ನಂಗೇನೂ ಆದಾಯ ಇಲ್ಲ, ಜಮೀನು ಬೀಳು ಬಿದ್ದಿದೆ" ಅಂತಾನಾ? ಸರ್ವೆ ನಂಬರ್ ಗೊತ್ತಿದ್ರೆ ಭೂಮಿ ವೆಬ್‌ಸೈಟಲ್ಲಿ ಪಹಣಿ ತೆಗೀರಿ, ಯಾರ ಹೆಸರಲ್ಲಿದೆ, ಏನು ಬೆಳೆ ಅಂತ ಅದ್ರಲ್ಲೇ ಇರುತ್ತೆ. ಕೆಲ್ಸದಲ್ಲಿದ್ರೆ ಕಂಪನಿಯಿಂದ ಸಂಬಳದ ವಿವರ ತರಿಸಿ ಅಂತ ಕೋರ್ಟಿಗೇ ಕೇಳ್ಬಹುದು. ಇನ್ನು, ಡಿಗ್ರಿ ಓದಿದೀಯಲ್ಲ ದುಡಿದು ತಿನ್ನು ಅಂತ ವಾದ ಬಂದೇ ಬರುತ್ತೆ, ದುಡಿಯೋ ಯೋಗ್ಯತೆ ಇರೋದು ಬೇರೆ ನಿಜವಾಗ್ಲೂ ದುಡೀತಿರೋದು ಬೇರೆ ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿದೆ, ಕುಗ್ಗಬೇಡಿ.

ಅರ್ಜಿ ಜೊತೆಗೇ ಮಧ್ಯಂತರ ಜೀವನಾಂಶದ, ಅಂದ್ರೆ ಕೇಸ್ ಮುಗಿಯೋವರೆಗೆ ಕೊಡೋ ಹಣದ ಅರ್ಜಿನೂ ಹಾಕ್ಸಿ. ಗಂಡನಿಗೆ ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟೂ ಅದನ್ನ ತೀರ್ಮಾನ ಮಾಡ್ಬೇಕು ಅಂತ ಕಾನೂನಲ್ಲಿದೆ. ನಿಜದಲ್ಲಿ ತಡ ಆಗುತ್ತೆ, ಆದ್ರೆ ಕೇಳದೆ ಇದ್ರೆ ಅದೂ ಇಲ್ಲ.

ಒಂದು ವಿಷಯ ಮಾತ್ರ ಕೈಮುಗಿದು ಹೇಳ್ತೀನಿ. ಊರಲ್ಲಿ ಹಿರಿಯರು ಪಂಚಾಯಿತಿ ಸೇರಿಸಿ ಛಾಪಾ ಕಾಗದದ ಮೇಲೆ "ಇಬ್ಬರೂ ಒಪ್ಪಿ ಬೇರೆ ಇದ್ದೇವೆ, ನನಗೆ ಏನೂ ಬೇಡ" ಅಂತ ಬರೆಸ್ಕೊಳ್ಳೋಕೆ ನೋಡ್ತಾರೆ. ಅದಕ್ಕೆ ಸೈನ್ ಹಾಕ್ಬೇಡಿ. ಆ ಕಾಗದದಿಂದ ಡಿವೋರ್ಸ್ ಏನೂ ಆಗಲ್ಲ, ಆದ್ರೆ ಪರಸ್ಪರ ಒಪ್ಪಿ ಬೇರೆ ಇರೋ ಹೆಂಡ್ತಿಗೆ 144ರಲ್ಲಿ ಜೀವನಾಂಶ ಇಲ್ಲ ಅಂತ ಇದೆ, ನಾಳೆ ಅದೇ ಕಾಗದ ತಂದು ಕೋರ್ಟಲ್ಲಿ ಇಡ್ತಾರೆ. ಈಗಾಗ್ಲೇ ಹಾಕಿಬಿಟ್ಟಿದ್ರೆ ಲಾಯರ್‌ಗೆ ಮೊದ್ಲೇ ಹೇಳಿ. ಮಗುವಿನ ಪಾಲನ್ನ ತಾಯಿ ಬೇಡ ಅಂತ ಬರ್ಕೊಟ್ರೂ ಮಗುವಿನ ಹಕ್ಕು ಹೋಗಲ್ಲ.

ಆರ್ಡರ್ ಆಗಿ ಗಂಡ ಕಟ್ತಿಲ್ಲ ಅಂದ್ರೆ ವಸೂಲಿಗೆ ಇನ್ನೊಂದು ಅರ್ಜಿ ಹಾಕ್ಬೇಕು, ತಾನಾಗೇ ಯಾರೂ ವಸೂಲಿ ಮಾಡ್ಕೊಡಲ್ಲ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕ್ಲೇಬೇಕು, ಅದಕ್ಕೇ ಪ್ರತಿ ತಿಂಗಳು ಪಾಸ್‌ಬುಕ್ ಎಂಟ್ರಿ ಹಾಕ್ಸಿ ಯಾವ ತಿಂಗಳು ಬಂತು ಯಾವುದು ಬರ್ಲಿಲ್ಲ ಅಂತ ಗುರುತು ಮಾಡಿಡಿ. ಕಾರಣ ಇಲ್ದೆ ಕಟ್ಟದವರನ್ನ ಜೈಲಿಗೂ ಕಳಿಸ್ಬಹುದು. ಮಗು ದೊಡ್ಡದಾಗಿ ಫೀಸು ಜಾಸ್ತಿ ಆದ್ರೆ ಹಳೇ ಮೊತ್ತದಲ್ಲೇ ಒದ್ದಾಡ್ಬೇಡಿ, ಸೆಕ್ಷನ್ 146ರಲ್ಲಿ ಹೆಚ್ಚು ಮಾಡಿ ಅಂತ ಕೇಳ್ಬಹುದು, ಆಗಲೂ ಬೇಕಾಗೋದು ಆ ಖರ್ಚಿನ ಲೆಕ್ಕಾನೇ.