ಡೆಸ್ಕ್‌ಟಾಪ್‌ನ ರ‍್ಯಾಮ್ ಬದಲಿಸುವುದು ಹೇಗೆ?

ಕೊಳ್ಳುವ ಮೊದಲೇ ಮದರ್‌ಬೋರ್ಡ್‌ಗೆ ಯಾವ ರ‍್ಯಾಮ್ ಬೇಕೆಂದು ನೋಡಿಕೊಳ್ಳಿ. ಡಿಡಿಆರ್4, ಡಿಡಿಆರ್5 ಎಂಬ ಎರಡು ತಲೆಮಾರಿನ ರ‍್ಯಾಮ್‌ಗಳಿಗೂ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ರ‍್ಯಾಮ್‌ಗೆ ಕೈ ಹಾಕಿ.

ತೆಗೆಯಲು ಸ್ಲಾಟ್‌ನ ತುದಿಯ ಲಾಚ್ (ಹಿಡಿದಿಡುವ ಕೊಂಡಿ) ಅನ್ನು ಹೊರಕ್ಕೆ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಲಾಚ್ ಒಂದೇ ಬದಿಗಿರುತ್ತದೆ, ಇನ್ನೊಂದು ಬದಿಯನ್ನು ಮೀಟಲು ಹೋಗಬೇಡಿ. ರ‍್ಯಾಮನ್ನು ಅಂಚು ಹಿಡಿದು ನೇರವಾಗಿ ಮೇಲೆತ್ತಿ. ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗದಿರಲಿ.

ಹಾಕುವಾಗ ಕಚ್ಚು ಹೊಂದಿಸಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮವಾಗಿ ಒತ್ತಿ. ಲಾಚ್ 'ಟಕ್' ಎಂದು ತಾನಾಗಿ ಮುಚ್ಚಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಹೆದರಿ ಅರ್ಧಕ್ಕೇ ಬಿಡುತ್ತಾರೆ. ನಾಲ್ಕು ಸ್ಲಾಟ್‌ಗಳಿದ್ದು ಎರಡೇ ರ‍್ಯಾಮ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಅಕ್ಕಪಕ್ಕ ಹಾಕಿದರೆ ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ಕೆಲಸ ಮಾಡುವ ವ್ಯವಸ್ಥೆ) ಸಿಗದೆ ವೇಗ ತಗ್ಗಬಹುದು. ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಆನ್ ಮಾಡಿದಾಗ ಬೀಪ್ ಬಂದು ಪರದೆ ಕಪ್ಪಗಿದ್ದರೆ, ಮತ್ತೆ ಪವರ್ ಕಿತ್ತು, ರ‍್ಯಾಮ್ ತೆಗೆದು ಗಟ್ಟಿಯಾಗಿ ಕೂರಿಸಿ. ಆಗಲೂ ಬರದಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಡಿಡಿಆರ್5 ಆದರೆ ಗಾಬರಿ ಬೇಡ, ಮೊದಲ ಸಲ ಪರದೆ ಬರಲು ಕೆಲವು ನಿಮಿಷ ಹಿಡಿಯುವುದುಂಟು.