ಒಂದು ತರಗತಿಗೆ ಒಂದೇ ಹೊಂಗೆ: ಪುಟ್ಟ ಮಕ್ಕಳ ಜೊತೆ ಗಿಡ ನೆಡುವುದು ಹೇಗೆ?

ಜೂನ್ 5ರ ಪರಿಸರ ದಿನಕ್ಕೆ ಶಾಲೆಗೆ ಐವತ್ತು ಸಸಿ ಬರುತ್ತವೆ. ಒಂದೇ ಬೆಳಿಗ್ಗೆ ಎಲ್ಲವನ್ನೂ ನೆಟ್ಟು ಮುಗಿಸುತ್ತಾರೆ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗಳಿಗೆ ಮತ್ತೆ ಸಸಿ ಬೇಕಾಗುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಮರದ ಬಗ್ಗೆ ಕಲಿಸುವುದು ಉದ್ದೇಶವಾದರೆ ತರಗತಿಗೆ ಒಂದೇ ಗಿಡ ಸಾಕು. ಒಂದೇ ಇದ್ದರೆ ಇಪ್ಪತ್ತೈದು ಮಕ್ಕಳೂ ಅದನ್ನು ಮುಟ್ಟುತ್ತಾರೆ, ಅಳೆಯುತ್ತಾರೆ, ಬಾಡಿದರೆ ಅವತ್ತೇ ಬಂದು ಹೇಳುತ್ತಾರೆ. ನಲಿ-ಕಲಿ ಕೊಠಡಿಯಲ್ಲಿ ಮೂರೂ ತರಗತಿಯವರು ಒಟ್ಟಿಗೆ ಕೂರುವುದರಿಂದ, ಈಗ ಒಂದನೇ ತರಗತಿಯಲ್ಲಿರುವ ಮಗುವಿಗೆ ಮೂರು ವರ್ಷ ಆ ಗಿಡದ ಒಡನಾಟ ಸಿಗುತ್ತದೆ.

ಯಾವ ಗಿಡ?

ಬಯಲುಸೀಮೆಯ ಶಾಲೆಯ ಅಂಗಳಕ್ಕೆ ಹೊಂಗೆಗಿಂತ ಒಳ್ಳೆಯದು ಸಿಗುವುದು ಕಷ್ಟ. ಒಮ್ಮೆ ಬೇರು ಇಳಿದರೆ ಬೇಸಿಗೆ ತಡೆಯುತ್ತದೆ, ಆಡು ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ, ನೆರಳು ದಟ್ಟ. ನೇರಳೆ ಮಕ್ಕಳಿಗೆ ಇಷ್ಟ, ಆದರೆ ಅದರ ಕೊಂಬೆ ಪೆಡಸು. ಹಣ್ಣಿನ ಆಸೆಗೆ ಹತ್ತಿದ ಮಗುವಿನ ಕಾಲಡಿಯಲ್ಲೇ ಮುರಿಯಬಹುದು. ಗುಲ್‌ಮೊಹರ್ ಬೇಡ, ಗಾಳಿಮಳೆಗೆ ಕೊಂಬೆ ಬೀಳುತ್ತದೆ. ಹೊಂಗೆಯಲ್ಲೂ ಒಂದು ಎಚ್ಚರಿಕೆಯಿದೆ: ಬೀಜ ಕಹಿ, ತಿಂದರೆ ವಾಂತಿಯಾಗುತ್ತದೆ. ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ.

ಅರಣ್ಯ ಇಲಾಖೆಯ ನರ್ಸರಿಯಲ್ಲಿ 8x12 ಇಂಚಿನ ಚೀಲದ ಸಸಿ ಕೇಳಿ. ಎತ್ತರ ಎರಡರಿಂದ ಮೂರು ಅಡಿ, ಕಾಂಡ ಪೆನ್ಸಿಲ್ ದಪ್ಪ ಇದ್ದರೆ ಸರಿ. ಎತ್ತರವಾಗಿದ್ದೂ ಸೊರಗಿದ ಸಸಿ ಗಾಳಿಗೆ ಬಾಗುತ್ತದೆ. ಚೀಲ ಎತ್ತುವಾಗ ಅಡಿಯ ಬೇರು ನೆಲಕ್ಕಿಳಿದು ಪಟಪಟನೆ ಹರಿದರೆ ಆ ಸಸಿ ಬಿಟ್ಟು ಬೇರೆಯದು ತನ್ನಿ. ಹರಿದ ಬೇರಿನ ಸಸಿ ನೆಟ್ಟ ವಾರದಲ್ಲೇ ಬಾಡುತ್ತದೆ.

ಜಾಗ ಮತ್ತು ಗುಂಡಿ

ಗೋಡೆಯಿಂದ ಕನಿಷ್ಠ 15 ಅಡಿ ದೂರ, ಮೇಲೆ ವಿದ್ಯುತ್ ತಂತಿ ಇರಬಾರದು, ಕೆಳಗೆ ನೀರಿನ ಸಂಪು ಇರಬಾರದು. ಧ್ವಜಕಂಬ ಮತ್ತು ಖೋಖೋ ಅಂಕಣದಿಂದ ದೂರವಿರಲಿ. ತರಗತಿಯ ಕಿಟಕಿಯಿಂದ ಕಾಣುವ ಜಾಗವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮೇ ಮಧ್ಯದಲ್ಲಿ, ಮಕ್ಕಳಿಲ್ಲದಾಗ, ದೊಡ್ಡವರು ಹಾರೆ ಗುದ್ದಲಿ ಹಿಡಿದು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಲಿ. ಮೊರಂಬು ಗಟ್ಟಿಯಾಗಿದ್ದರೆ ಎರಡು ಅಡಿ. ಮೇಲಿನ ಅರ್ಧ ಅಡಿಯ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ರಾಶಿ ಹಾಕಿ. ಗುಂಡಿ ಎರಡು ಮೂರು ವಾರ ಬಿಸಿಲು ಕಾಯಬೇಕು. ಶಾಲೆ ತೆರೆಯುವ ಮೊದಲು ಅದಕ್ಕೆ ಹಲಗೆ ಮುಚ್ಚಿ. ಓಡಾಡುವ ಮಕ್ಕಳಿಗೆ ಒಂದೂವರೆ ಅಡಿ ಗುಂಡಿಯೂ ಅಪಾಯವೇ. ನೆಡುವ ಮೊದಲು ಒಂದು ಕೊಡ ನೀರು ಸುರಿದು ನೋಡಿ. ಮಾರನೇ ದಿನವೂ ನಿಂತಿದ್ದರೆ, ಎರೆ ಭೂಮಿಯಲ್ಲಿ ಹೀಗಾಗುವುದುಂಟು, ಗುಂಡಿಯನ್ನು ನೆಲದ ಮಟ್ಟಕ್ಕಿಂತ ಮೇಲೆ ಬರುವಂತೆ ತುಂಬಿ ದಿಬ್ಬದ ಮೇಲೆ ನೆಡಬೇಕು. ಮಲೆನಾಡು, ಕರಾವಳಿಯಲ್ಲೂ ಬುಡದಲ್ಲಿ ದಿಬ್ಬವೇ ಸರಿ. ಬಯಲುಸೀಮೆಯಲ್ಲಿ ಮಾತ್ರ ನೀರು ನಿಲ್ಲುವ ಪಾತಿ ಬೇಕು.

ನೆಡುವ ಹಿಂದಿನ ವಾರ

ಊರಿನ ದೊಡ್ಡ ಹೊಂಗೆ ಮರದ ಕೆಳಗೆ ಒಂದು ಪಾಠ ನಡೆಯಲಿ. ಬಿಳಿ ಹಾಳೆಯನ್ನು ತೊಗಟೆಗೆ ಒತ್ತಿ ಹಿಡಿದು ಬಣ್ಣದ ಕಡ್ಡಿ ಉಜ್ಜಿದರೆ ತೊಗಟೆಯ ಗುರುತು ಮೂಡುತ್ತದೆ. ಒಂದೊಂದು ಎಲೆಕಡ್ಡಿ ಕೊಟ್ಟು ಕಿರುಎಲೆ ಎಣಿಸಲು ಹೇಳಿ: ಐದು, ಏಳು, ಕೆಲವೊಮ್ಮೆ ಒಂಬತ್ತು. ಎರಡೆರಡು ಜೋಡಿಯಾಗಿ ಬಂದು ತುದಿಯಲ್ಲಿ ಒಂದು ಒಂಟಿಯಾಗಿ ಉಳಿಯುತ್ತದೆ. ಬೆಸ ಸಂಖ್ಯೆ ಎಂದರೇನು ಎಂದು ಕರಿಹಲಗೆಯ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ. ಎಲೆಯ ಮೇಲೆ ಹಸಿರು ಗುಳ್ಳೆಗಳಿದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಮರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ, ಔಷಧಿ ಹೊಡೆಯಬೇಡಿ.

ಬೆಳಿಗ್ಗೆ ಒಂದು ಚಿಕ್ಕ ಕೊಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿ. ಬಿಸಿಯೂಟದ ಹೊತ್ತಿಗೆ ಒಳಗೆ ನೀರಿನ ಹನಿ ಕೂತಿರುತ್ತವೆ. ತೋರಿಸಿದ ಮೇಲೆ ಚೀಲ ಬಿಚ್ಚಿಬಿಡಿ.

ನೆಡುವ ದಿನ

ಜೂನ್ 5ಕ್ಕೇ ಜೋತು ಬೀಳಬೇಡಿ. ಎರಡು ಮೂರು ಹದ ಮಳೆ ಬಿದ್ದು ಮಣ್ಣು ಒಳಗೂ ನೆನೆದಿರಬೇಕು. ಎಷ್ಟೋ ಕಡೆ ಜುಲೈ ಮೊದಲ ವಾರದ ವನಮಹೋತ್ಸವವೇ ಸರಿಯಾದ ಸಮಯ. ಅತಿಥಿಗಳು ಬರುವುದಾದರೆ ಬರಲಿ, ಆದರೆ ಮಣ್ಣು ಮಕ್ಕಳ ಕೈಯಲ್ಲೇ ಇರಲಿ.

ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಸೇರಿಸಿ ಕಲಸಿ. ಹಸಿ ಸಗಣಿ ಹಾಕಿದರೆ ಅದು ಕೊಳೆಯುವ ಕಾವಿಗೆ ಬೇರು ಬೇಯುತ್ತದೆ, ಗೊಣ್ಣೆಹುಳ, ಗೆದ್ದಲು ಸೇರಿಕೊಳ್ಳುತ್ತವೆ. ಪ್ರತಿ ಮಗುವಿಗೂ ಒಂದು ತೆಂಗಿನ ಕರಟ ಕೊಡಿ. ಸಾಲಾಗಿ ಬಂದು ಒಂದೊಂದು ಕರಟ ಮಣ್ಣು ಸುರಿಯಲಿ. ಸಸಿಯ ಹೆಂಟೆ ಕೂರುವ ಎತ್ತರಕ್ಕೆ ಗುಂಡಿ ತುಂಬುವವರೆಗೆ ಸರದಿ ಸಾಗಲಿ.

ಚೀಲವನ್ನು ಕಾಂಡ ಹಿಡಿದು ಎಳೆದು ತೆಗೆಯಬೇಡಿ. ದೊಡ್ಡವರು ಬ್ಲೇಡಿನಿಂದ ಪಕ್ಕದಲ್ಲಿ ಮೇಲಿಂದ ಕೆಳಗೆ ಸೀಳಿ, ಹೆಂಟೆಯನ್ನು ಅಂಗೈ ಮೇಲೆ ಎತ್ತಿಕೊಂಡು ಅರ್ಧ ನಿಮಿಷ ನಿಲ್ಲಲಿ. ಆ ಅರ್ಧ ನಿಮಿಷವೇ ಇಡೀ ದಿನದ ಪಾಠ. ಮಣ್ಣಿನ ಹೊರಗೆ ಕಂದು ಬೇರುಗಳು ಸುತ್ತಿಕೊಂಡಿರುತ್ತವೆ, ಅವುಗಳ ತುದಿ ಮಾತ್ರ ಹಾಲಿನಂತೆ ಬಿಳಿ. ನಡುನಡುವೆ ಸಾಸಿವೆ ಗಾತ್ರದ ಗಂಟುಗಳು ಕಾಣಬಹುದು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳ ಮನೆ ಅವು; ತೊಗರಿ, ಅವರೆ ಬೇರಿನಲ್ಲೂ ಇರುತ್ತವೆ. ರೈತರ ಮನೆಯ ಮಕ್ಕಳಿಗೆ ಅದು ಕೂಡಲೇ ಹೊಳೆಯುತ್ತದೆ. ಅಡಿಯಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿ. ಹಾಗೇ ಬಿಟ್ಟರೆ ಅದು ನೆಲದಲ್ಲೂ ಸುತ್ತುತ್ತಲೇ ಇದ್ದು, ಕೆಲವು ವರ್ಷದ ಮೇಲೆ ಮರ ಗಾಳಿಗೆ ಉರುಳಬಹುದು.

ಹೆಂಟೆಯ ಮೇಲ್ಮಟ್ಟ ನೆಲದ ಮಟ್ಟಕ್ಕೇ ಬರಬೇಕು. ಮಕ್ಕಳು ಪ್ರೀತಿಯಿಂದ ಕಾಂಡದ ಸುತ್ತ ಮಣ್ಣು ಏರಿಸುತ್ತಾರೆ. ಅದನ್ನು ತಡೆಯಿರಿ, ಕತ್ತು ಮುಚ್ಚಿದರೆ ತೊಗಟೆ ಕೊಳೆಯುತ್ತದೆ. ಕೈಯಿಂದ ಒತ್ತಿದರೆ ಸಾಕು, ಕಾಲಿನಿಂದ ತುಳಿಯುವುದು ಬೇಡ. ಒಂದು ಅಡಿ ದೂರದಲ್ಲಿ ಕೋಲು ನೆಟ್ಟು, ಸೆಣಬಿನ ದಾರವನ್ನು ಕೋಲಿಗೂ ಕಾಂಡಕ್ಕೂ ನಡುವೆ ಒಮ್ಮೆ ತಿರುಚಿ ಸಡಿಲವಾಗಿ ಕಟ್ಟಿ. ತಂತಿ, ಪ್ಲಾಸ್ಟಿಕ್ ಹಗ್ಗ ತೊಗಟೆಯನ್ನು ಕೊರೆಯುತ್ತವೆ. ಸುತ್ತ ಮೂರು ಇಂಚು ಒಣ ಎಲೆ ಹಾಸಿ, ಕಾಂಡದಿಂದ ನಾಲ್ಕು ಬೆರಳು ಜಾಗ ಬಿಡಿ. ಮುಳ್ಳುಬೇಲಿಯನ್ನು ಅವತ್ತೇ ಹಾಕಬೇಕು. ಬಿಸಿಯೂಟಕ್ಕೆ ಕೂರುವ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ನೀರು

ಮಕ್ಕಳು ನೆಟ್ಟ ಗಿಡ ಕೆಲವೊಮ್ಮೆ ಅತಿ ನೀರಿಗೇ ಸಾಯುತ್ತದೆ. ಇಪ್ಪತ್ತೈದು ಮಕ್ಕಳು ದಿನಕ್ಕೊಂದು ಚೊಂಬು ಸುರಿದರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ವಾರಕ್ಕೆ ಎರಡು ದಿನ, ಹಾಜರಿ ಸಂಖ್ಯೆಯ ಸರದಿಯಂತೆ ದಿನಕ್ಕೆ ಐವರು, ತಲಾ ಒಂದು ಚೊಂಬು ಹಾಕಲಿ. ಹಾಕುವ ಮೊದಲು ಒಂದು ಮಗು ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ ನೋಡಲಿ. ತೇವ ತಗುಲಿದರೆ ಅವತ್ತು ನೀರಿಲ್ಲ. ಕೈ ತೊಳೆದ ನೀರು ಪಾತಿಗೆ ಹೋಗಬಹುದು, ತಟ್ಟೆ ತೊಳೆದ ಸಾರಿನ ನೀರು ಬೇಡ, ಅದರಲ್ಲಿ ಉಪ್ಪು ಎಣ್ಣೆ ಇರುತ್ತದೆ. ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳಿಗೆ ಸಾಲುಮರದ ತಿಮ್ಮಕ್ಕ ಕೊಡದಲ್ಲಿ ನೀರು ಹೊತ್ತದ್ದನ್ನು ಈ ಸರದಿ ಶುರುವಾದ ವಾರ ಹೇಳಿ.

ಗಿಡಕ್ಕೆ ನಿಜವಾದ ಗಂಡಾಂತರ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಕಾಂಡದಿಂದ ಒಂದು ಅಡಿ ದೂರದಲ್ಲಿ ಹತ್ತು ಲೀಟರಿನ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂಳಿ. ತಳದ ಸಣ್ಣ ತೂತಿಗೆ ಬಟ್ಟೆಯ ಬತ್ತಿ ತುರುಕಿ, ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಬೇರಿಗೆ ಪೆಟ್ಟಾಗದಂತೆ ಇದನ್ನು ನೆಡುವ ದಿನವೇ ಹೂಳುವುದು ಒಳ್ಳೆಯದು. ರಜೆಯಲ್ಲಿ ವಾರಕ್ಕೆ ಎರಡು ಬಾರಿ ತುಂಬಿಸಿದರೆ ಸಾಕು. ಶಾಲೆಯ ಹತ್ತಿರದ ಎರಡು ಮನೆಗಳನ್ನು ಕೇಳಿಕೊಂಡು ಹೆಸರು ಬರೆದಿಡಿ, ಗೇಟಿನ ಬೀಗದ ಕೈ ಅವರಿಗೆ ಕೊಡಿ. ಟ್ಯಾಂಕಿನಲ್ಲಿ ನೀರು ಇರುತ್ತದೆಯೇ ಎಂದು ರಜೆಗೆ ಮೊದಲೇ ವಿಚಾರಿಸಿ. ಎಷ್ಟೋ ಗಿಡ ಒಣಗಿರುವುದು ಬೀಗ ಹಾಕಿದ ಗೇಟಿನಿಂದಲೇ.

ತಿಂಗಳಿಗೊಂದು ಅಳತೆ

ತಿಂಗಳ ಮೊದಲ ಸೋಮವಾರ ಗಿಡದ ಎತ್ತರವನ್ನೂ ಒಂದು ಮಗುವಿನ ಎತ್ತರವನ್ನೂ ಒಂದೇ ಕೋಲಿನ ಮೇಲೆ ಗುರುತು ಹಾಕಿ. ಕಾಂಡದ ಬುಡಕ್ಕೆ ದಾರ ಸುತ್ತಿ, ಅಷ್ಟೇ ಉದ್ದ ಕತ್ತರಿಸಿ ಪುಸ್ತಕಕ್ಕೆ ಅಂಟಿಸಲಿ. ಓದಲು ಬಾರದ ಮಗುವಿಗೂ ದಾರ ಉದ್ದವಾಗುವುದು ಕಾಣುತ್ತದೆ.

ನೆಟ್ಟ ದಿನವೇ ನೆಲದಿಂದ ಸರಿಯಾಗಿ ಒಂದು ಅಡಿ ಎತ್ತರದಲ್ಲಿ ಕಾಂಡದ ಮೇಲೆ ಒಂದು ಚುಕ್ಕೆ ಬಣ್ಣ ಹಚ್ಚಿ. ಗಿಡ ಬೆಳೆದಾಗ ಈ ಚುಕ್ಕೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಒಬ್ಬೊಬ್ಬರ ಊಹೆಯನ್ನೂ ಬರೆದಿಡಿ. ಬಹಳಷ್ಟು ಮಕ್ಕಳು ಮೇಲಕ್ಕೆ ಹೋಗುತ್ತದೆ ಎನ್ನುತ್ತಾರೆ. ಉತ್ತರ ಹೇಳಬೇಡಿ. ಮುಂದಿನ ಜೂನ್‌ನಲ್ಲಿ ಅದೇ ಮಕ್ಕಳು ಮೊಣಕಾಲೂರಿ ಅಳತೆಪಟ್ಟಿ ಹಿಡಿಯಲಿ: ತುದಿ ಎಷ್ಟೇ ಮೇಲೆ ಹೋಗಿದ್ದರೂ ಚುಕ್ಕೆ ಒಂದು ಅಡಿಯಲ್ಲೇ ಇರುತ್ತದೆ.