ಮನೆಯವರಿಂದ ಬೇರೆಯಾದ ಮಗು ಸಿಕ್ಕಾಗ

ನೆರೆ, ಭೂಕಂಪ, ಯುದ್ಧ, ಕಾರಣ ಏನೇ ಇರಲಿ, ಒಂಟಿಯಾಗಿ ಸಿಕ್ಕ ಮಗುವನ್ನು ‘ಅನಾಥ’ ಅಂತ ಕರೆಯೋಕೆ ಅವಸರ ಮಾಡಬೇಡಿ. ಅನಾಥಾಲಯಗಳಲ್ಲೇ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ, ಬಡತನಕ್ಕೆ ಬಿಟ್ಟುಹೋಗಿರುತ್ತಾರೆ. ‘ಯಾರೂ ಇಲ್ಲ’ ಅಂತ ಒಮ್ಮೆ ಕಾಗದದ ಮೇಲೆ ಬಿತ್ತೋ, ಆಮೇಲೆ ಹುಡುಕುವವರೇ ಇರಲ್ಲ.

ಮೊದಲು ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣೆಯ ಸಿಬ್ಬಂದಿಗೆ ತಿಳಿಸಿ. ‘ಪಾಪ, ನಾವೇ ಸಾಕಿಕೊಳ್ತೇವೆ’ ಅಂತ ಕರೆದುಕೊಂಡು ಹೋಗಬೇಡಿ. ಒಳ್ಳೆಯವರೂ ಅದೇ ಮಾತು ಹೇಳುತ್ತಾರೆ, ಮಕ್ಕಳನ್ನು ಮಾರುವವರೂ ಅದನ್ನೇ ಹೇಳುತ್ತಾರೆ.

ಅವತ್ತೇ ಒಂದು ನೋಟ್‌ಬುಕ್ ತೆಗೆದು ಬರೆಯಲು ಶುರು ಮಾಡಿ. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು, ಮೈಮೇಲೆ ಏನಿತ್ತು. ಪುಟ್ಟ ಮಗುವಿಗೆ ಅಮ್ಮನ ಹೆಸರು ‘ಅಮ್ಮ’ ಅಷ್ಟೇ, ಹತ್ತು ಸಲ ಕೇಳಿದರೂ ಅದೇ ಉತ್ತರ. ‘ಪಕ್ಕದ ಮನೆಯವರು ಅಮ್ಮನ್ನ ಏನಂತ ಕರೀತಿದ್ರು?’ ಅಂತ ಕೇಳಿ ನೋಡಿ. ಮನೆ ಹತ್ತಿರ ರೈಲಿನ ಸದ್ದು ಕೇಳ್ತಿತ್ತಾ, ರಾತ್ರಿ ಯಾರ ಪಕ್ಕ ಮಲಗ್ತಿದ್ದೆ, ಹೀಗೆ ಆಟದ ಮಧ್ಯೆ ಒಂದೊಂದೇ ಕೇಳಿ. ಹೇಳಿದ್ದನ್ನು ಹಾಗೇ ಬರೆಯಿರಿ, ತಿದ್ದಬೇಡಿ. ನಿಮಗೆ ತೊದಲು ಅನ್ನಿಸಿದ್ದು ಒಂದು ಊರಿನ ಹೆಸರಾಗಿರಬಹುದು ಅಲ್ವಾ? ಹರಿದ ಅಂಗಿಯನ್ನೂ ಬಿಸಾಡಬೇಡಿ. ತಾನು ಹಾಕಿದ ಹೊಲಿಗೆಯನ್ನು ತಾಯಿ ಗುರುತು ಹಿಡಿದಾಳು. ಫೋಟೋ ತೆಗೆದರೆ ಹುಡುಕುವವರಿಗೆ ಕೊಡಿ, ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.

ಅಣ್ಣ ತಂಗಿ ಒಟ್ಟಿಗೆ ಸಿಕ್ಕರೆ ಒಟ್ಟಿಗೇ ಇರಿಸಲು ಹಟ ಹಿಡಿಯಿರಿ. ‘ಒಬ್ಬರಿಗೆ ಮಾತ್ರ ಜಾಗ ಇದೆ’ ಅಂದರೆ ಬೇರೆ ಕಡೆ ಕೇಳಿ.

ಕಾನೂನು ಪ್ರಕಾರ ಮಗು ನಿಮ್ಮ ಮನೆಗೇ ಬಂದರೆ? ದಿಂಬಿನ ಕೆಳಗೆ ತಿಂಡಿ ಬಚ್ಚಿಟ್ಟಿರುವುದು ಕಣ್ಣಿಗೆ ಬೀಳಬಹುದು. ಬೈಯಬೇಡಿ, ಅದು ಕಳ್ಳತನ ಅಲ್ಲ, ನಾಳೆಯ ಭಯ. ಕೈಗೆ ಸಿಗುವ ಹಾಗೆ ಒಂದು ಡಬ್ಬಿ ಇಡಿ, ಖಾಲಿಯಾಗಲು ಬಿಡಬೇಡಿ. ಮೊದಲ ದಿನವೇ ಕುತ್ತಿಗೆಗೆ ಜೋತುಬಿದ್ದರೆ ‘ಎಷ್ಟು ಬೇಗ ಹೊಂದಿಕೊಂಡಿತು!’ ಅಂತ ಹಿಗ್ಗಬೇಡಿ. ನೋಡಿಕೊಳ್ಳುವವರು ಪದೇಪದೇ ಬದಲಾದ ಮಕ್ಕಳಲ್ಲಿ ಕೆಲವರು ಯಾರು ಬಂದರೂ ಹಾಗೇ ಅಂಟಿಕೊಳ್ಳುತ್ತಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಸುಮಾರು 2000ದಲ್ಲಿ ಒಂದು ಅಧ್ಯಯನ ಶುರುವಾಯಿತು. ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿದರು. ಅವರು ಹೆಚ್ಚು ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು. ಅದೇ ಮುಖ, ಅದೇ ದನಿ, ದಿನಾ. ಆಟಿಕೆಗಿಂತ ಇದು ಜಾಸ್ತಿ ಬೇಕು.

ಅಮ್ಮ ತೀರಿಕೊಂಡಿರುವುದು ಖಚಿತವಾಗಿದ್ದರೆ ‘ಊರಿಗೆ ಹೋಗಿದ್ದಾಳೆ, ಬರ್ತಾಳೆ’ ಅನ್ನಬೇಡಿ. ಮಗು ಬಾಗಿಲು ಕಾಯುತ್ತದೆ. ‘ಸತ್ತುಹೋದಳು, ನಿನ್ನಿಂದ ಏನೂ ತಪ್ಪಾಗಿಲ್ಲ’ ಅಂತ ನೇರವಾಗಿ, ಪಕ್ಕದಲ್ಲಿ ಕೂತು ಹೇಳಿ. ಮತ್ತೆ ಕೇಳಿದರೆ ಮತ್ತೆ ಹೇಳಿ.

ಮಗು ನಿಮ್ಮ ಮನೆಯಿಂದ ಹೊರಡುವ ದಿನ ಆ ನೋಟ್‌ಬುಕ್ಕನ್ನೂ ಅಂಗಿಯನ್ನೂ ಅದರ ಚೀಲದಲ್ಲೇ ಇಡಿ. ನಿಮಗೆ ನೆನಪು ಬೇಕಿದ್ದರೆ ನಕಲು ಇಟ್ಟುಕೊಳ್ಳಿ.